ಮನೆ ಹೆಸರು ಕೇಳದ ಸಭೆ: ಕೊಡಗಿನಲ್ಲಿ ಕುಡಿತ ಬಿಟ್ಟವರ ಗುಂಪೊಂದರ ವಿಮರ್ಶೆ

ಕುಡಿತ ಬಿಡಿಸಿಕೊಡುತ್ತೇವೆ ಎನ್ನುವವರಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಬಸ್ ನಿಲ್ದಾಣದ ಗೋಡೆಗಳ ಮೇಲೆ, ಕರೆಂಟು ಕಂಬಗಳ ಮೇಲೆ, ಕುಡಿಯುವವರಿಗೆ ಗೊತ್ತೇ ಆಗದಂತೆ ಊಟದಲ್ಲಿ ಬೆರೆಸಿಕೊಡಬಹುದಾದ ಪುಡಿಯ ಜಾಹೀರಾತುಗಳು ಮಳೆಗಾಲದಲ್ಲಿ ಹರಿದುಹೋಗಿ ಬೇಸಿಗೆಯಲ್ಲಿ ಮತ್ತೆ ಅಂಟಿಕೊಳ್ಳುತ್ತವೆ. ಬಿಡಿಸುವವರು ಇಷ್ಟೊಂದು ಮಂದಿ ಇದ್ದರೂ, ಬಿಟ್ಟವನ ಜೊತೆ ಮರುದಿನವೂ ಮರುವಾರವೂ ಕುಳಿತುಕೊಳ್ಳುವವರು ತೀರಾ ಕಡಿಮೆ. ನಾನು ಇಲ್ಲಿ ಬರೆಯುತ್ತಿರುವುದು ಆ ಎರಡನೆಯ ಕೆಲಸವನ್ನಷ್ಟೇ ಮಾಡುವ ಒಂದು ಸೇವೆಯ ಬಗ್ಗೆ: ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಲ್ಲರೂ ಎ.ಎ. ಎಂದು ಕರೆಯುವ ಸಂಘಟನೆಯ, ನಮ್ಮ ಭಾಗದಲ್ಲಿ ನಡೆಯುವ ಒಂದು ವಾರದ ಸಭೆ. ನನ್ನ ಭಾವ, ಅಂದರೆ ಅಕ್ಕನ ಯಜಮಾನರು, ಅದರ ಸದಸ್ಯರು. ಹೊರಗಿನವರಿಗೂ ಪ್ರವೇಶವಿರುವ ಮುಕ್ತ ಸಭೆಗಳಿಗೆ ನಾನು ಅವರ ಜೊತೆ ಹೋಗಿ ಕುಳಿತಿದ್ದೇನೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರನ್ನಾಗಲಿ, ಸಭೆ ಸೇರುವ ಕಟ್ಟಡವನ್ನಾಗಲಿ, ಅಲ್ಲಿ ಯಾರು ಏನು ಹೇಳಿದರು ಎಂಬುದನ್ನಾಗಲಿ ಬರೆಯುವುದಿಲ್ಲ. ಆ ಕೋಣೆಯಲ್ಲಿ ಕೇಳಿದ್ದನ್ನು ಆ ಕೋಣೆಯಲ್ಲೇ ಬಿಟ್ಟು ಬರಬೇಕೆಂಬುದು ಅಲ್ಲಿನ ಮೊದಲ ನಿಯಮ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರಚಿಕಿತ್ಸಕ ಬಾಬ್ ಸ್ಮಿತ್ ಎಂಬ ಇಬ್ಬರು ಕುಡಿತದಿಂದ ನೆಲ ಕಚ್ಚಿದ್ದವರು ಪರಸ್ಪರ ಮಾತಾಡಿಕೊಳ್ಳುತ್ತಾ ಕುಡಿಯದೆ ಉಳಿದದ್ದು ಇದರ ಆರಂಭ. ಭಾರತಕ್ಕೆ ಇದು ಬಂದದ್ದು 1957ರಲ್ಲಿ. ಪ್ರವೇಶ ಶುಲ್ಕವಿಲ್ಲ, ಅರ್ಜಿ ನಮೂನೆಯಿಲ್ಲ, ದಾಖಲೆ ಪುಸ್ತಕವಿಲ್ಲ. ಕುಡಿತ ನಿಲ್ಲಿಸಬೇಕೆಂಬ ಇಚ್ಛೆಯೊಂದೇ ಸದಸ್ಯತ್ವಕ್ಕಿರುವ ಅರ್ಹತೆ. ಗುಂಪಿನಲ್ಲಿ ವೈದ್ಯರಿರುವುದಿಲ್ಲ, ಸಂಬಳದ ಸಲಹೆಗಾರರೂ ಇರುವುದಿಲ್ಲ. ಕುಡಿತ ಬಿಟ್ಟವರು, ಬಿಡಲು ಹೆಣಗುತ್ತಿರುವವರು ಮಾತ್ರ ಇರುತ್ತಾರೆ.

ಈ ಸೇವೆಯ ಬಗ್ಗೆ ನನಗಿರುವ ದೊಡ್ಡ ತಕರಾರು ಬಾಗಿಲಲ್ಲೇ ಇದೆ. ಇದನ್ನು ಹುಡುಕುವುದು ಕಷ್ಟ. ಪ್ರಚಾರ ಮಾಡಿಕೊಳ್ಳಬಾರದೆಂಬುದು ಎ.ಎ.ಯ ಸಂಪ್ರದಾಯಗಳಲ್ಲೊಂದಾದ್ದರಿಂದ ರಸ್ತೆಯಲ್ಲಿ ಫಲಕವಿಲ್ಲ, ಪತ್ರಿಕೆಯಲ್ಲಿ ಜಾಹೀರಾತಿಲ್ಲ. ಅಂತರ್ಜಾಲದಲ್ಲಿ ಹುಡುಕಿದರೆ ಬೆಂಗಳೂರು, ಮಂಗಳೂರು, ಮೈಸೂರಿನ ಸಭೆಗಳ ವಿವರ ಸಾಲುಸಾಲಾಗಿ ಬರುತ್ತದೆ. ಕೊಡಗಿನದು ಕೇಳಿದರೆ ಹೋಂಸ್ಟೇಗಳ ಪಟ್ಟಿಯೂ ಮನೆಯಲ್ಲೇ ತಯಾರಿಸಿದ ವೈನ್ ಮಾರುವ ಅಂಗಡಿಗಳ ಪಟ್ಟಿಯೂ ಮೊದಲು ಬರುತ್ತದೆ. ಇನ್ನು ಯಾರನ್ನಾದರೂ ಕೇಳೋಣವೆಂದರೆ, ನಾಪೋಕ್ಲಿನಲ್ಲಿ ಬೆಳಿಗ್ಗೆ ಕೇಳಿದ ಪ್ರಶ್ನೆ ಸಂಜೆಯೊಳಗೆ ಗೋಣಿಕೊಪ್ಪ ತಲುಪಿರುತ್ತದೆ. ವಿಳಾಸ ಕೇಳಿದವನಿಗೆ ವಿಳಾಸ ಸಿಗುವ ಮುಂಚೆ ‘ಯಾರಿಗೆ?’ ಎಂಬ ಪ್ರಶ್ನೆ ಸಿಗುತ್ತದೆ. ಗುಟ್ಟು ಕಾಪಾಡುವ ಸಂಸ್ಥೆಯನ್ನು ಹುಡುಕುವುದಕ್ಕೇ ಗುಟ್ಟು ರಟ್ಟು ಮಾಡಿಕೊಳ್ಳಬೇಕಾದ ಈ ಸ್ಥಿತಿ ಸಣ್ಣ ಜಿಲ್ಲೆಯವರಿಗೆ ಮಾತ್ರ ಅರ್ಥವಾದೀತು.

ಕೊನೆಗೆ ನಮಗೆ ದಾರಿ ತೋರಿದ್ದು ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗದ ಆಪ್ತಸಮಾಲೋಚಕಿ. ಅವರ ಮೇಜಿನ ಗಾಜಿನಡಿಯಲ್ಲಿ, ಎರಡು ಕ್ಯಾಲೆಂಡರುಗಳ ನಡುವೆ, ವೃತ್ತದೊಳಗೊಂದು ತ್ರಿಕೋನ ಬಿಡಿಸಿದ ಪುಟ್ಟ ಚೀಟಿಯಿತ್ತು. ಅದರ ಮೇಲೆ ಎರಡು ಮೊಬೈಲ್ ಸಂಖ್ಯೆಗಳಿದ್ದವು. ಒಂದಕ್ಕೆ ಉತ್ತರವಿರಲಿಲ್ಲ. ಇನ್ನೊಂದನ್ನು ಎತ್ತಿದವರು ಹೆಸರನ್ನೂ ಕೇಳದೆ, ‘ಈಗ ಕುಡಿದಿದ್ದಾರೋ, ಬಿಟ್ಟು ಎಷ್ಟು ಹೊತ್ತಾಯಿತು, ಕೈ ನಡುಗುತ್ತಿದೆಯೋ’ ಎಂದು ಮೂರೇ ಮಾತು ಕೇಳಿ, ‘ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ನಮ್ಮಲ್ಲಿಗೆ ಕರೆತನ್ನಿ’ ಎಂದರು. ಇಡೀ ಸೇವೆಯಲ್ಲಿ ನನಗೆ ಅತ್ಯಂತ ವೃತ್ತಿಪರವೆನಿಸಿದ್ದು ವೃತ್ತಿಪರರಲ್ಲದ ಈ ವ್ಯಕ್ತಿಯ ಆ ಒಂದು ಮಾತು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಬಹುತೇಕ ಮನೆಗಳು ಎಡವುವುದು ಇಲ್ಲಿ. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಮದ್ಯವನ್ನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ನಿದ್ರೆಗೇಡು ಶುರುವಾಗುತ್ತವೆ. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣಿಸುವ, ಜಾಗ ಮತ್ತು ಹೊತ್ತು ತಿಳಿಯದಂತಾಗುವ ಸನ್ನಿ ಹಿಡಿಯುತ್ತದೆ. ಇದಕ್ಕೆ ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ‘ಕೋಣೆಯಲ್ಲಿ ಕೂಡಿಹಾಕಿದರೆ ನಾಲ್ಕು ದಿನದಲ್ಲಿ ಸರಿಹೋಗುತ್ತಾನೆ’ ಎಂಬ ಮನೆಮಾತು ಈ ಕಾರಣಕ್ಕೆ ಅಪಾಯಕಾರಿ. ವೈದ್ಯರು ಈ ಹಂತವನ್ನು ನಡುಕ ತಡೆಯುವ ಮಾತ್ರೆಗಳನ್ನು ದಿನದಿನಕ್ಕೆ ಇಳಿಸುತ್ತಾ, ತಯಮಿನ್ ಅಂದರೆ ಬಿ1 ಜೀವಸತ್ವವನ್ನು ಕೊಡುತ್ತಾ ದಾಟಿಸುತ್ತಾರೆ. ಗೋಡೆಯ ಜಾಹೀರಾತಿನ ಪುಡಿಗಳ ವಿಷಯಕ್ಕೂ ಇದು ಅನ್ವಯಿಸುತ್ತದೆ. ಡೈಸಲ್ಫಿರಾಮ್ ಎಂಬ ಔಷಧ ನಿಜವಾಗಿಯೂ ಇದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಅದನ್ನು ರೋಗಿಗೆ ತಿಳಿಸಿ, ಅವರ ಒಪ್ಪಿಗೆಯಿಂದ, ವೈದ್ಯರ ಕಣ್ಗಾವಲಿನಲ್ಲಿ ಮಾತ್ರ ಕೊಡಬೇಕು. ಸಾರಿಗೆ ಬೆರೆಸಿ ಕೊಡುವುದು ಚಿಕಿತ್ಸೆಯಲ್ಲ, ವಿಷಪ್ರಾಶನಕ್ಕೆ ಹತ್ತಿರದ ಕೆಲಸ.

ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿದ ಜಿಲ್ಲಾ ಆಸ್ಪತ್ರೆ ಇರುವುದರಿಂದ ಈ ಮೊದಲ ಹಂತಕ್ಕೆ ಘಟ್ಟ ಇಳಿಯಬೇಕಾಗಿಲ್ಲ. ತೀರಾ ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಫೋನಿನಲ್ಲೇ ಮೊದಲ ಮಾತು ಆಡಬಯಸುವವರು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446.

ಈಗ ಸಭೆಗೆ ಬರೋಣ. ಒಂದು ಸಾಧಾರಣ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳ ಒಂದು ಸುತ್ತು, ಕಿಟಕಿಯ ಬಳಿ ಮೇಜು, ಮೇಜಿನ ಮೇಲೆ ಬೆಲ್ಲದ ಕಾಫಿಯ ಕೆಟಲು, ಒಂದು ಡಬ್ಬಿ ಕಡಲೆ ಮಿಠಾಯಿ. ಮಿಠಾಯಿ ಸತ್ಕಾರಕ್ಕೆಂದು ಇಟ್ಟದ್ದಲ್ಲ. ಸಂಜೆ ಕುಡಿಯುವ ಹೊತ್ತಿಗೆ ಆಸೆ ಕೆರಳಿದಾಗ ಬಾಯಿಗೆ ಸಿಹಿ ಹಾಕಿಕೊಂಡರೆ ಅದರ ಮೊನೆ ಸ್ವಲ್ಪ ಮೊಂಡಾಗುತ್ತದೆ ಎಂಬುದು ಹಳಬರ ಅನುಭವ. ಹೊಸಬರ ಕೈಗೆ ಮೊದಲು ಡಬ್ಬಿಯನ್ನೇ ಕೊಡುತ್ತಾರೆ. ಸಭೆ ಸುಮಾರು ಒಂದೂವರೆ ಗಂಟೆ. ಕ್ಷಣಕಾಲದ ಮೌನ, ಎ.ಎ. ಏನೆಂದು ತಿಳಿಸುವ ಪುಟ್ಟ ಪೀಠಿಕೆ, ಕುಡಿತ ಬಿಡುವ ದಾರಿಯೆಂದು ಎ.ಎ. ಮುಂದಿಡುವ ಹನ್ನೆರಡು ಹಂತಗಳ ವಾಚನ, ಆಮೇಲೆ ಒಬ್ಬೊಬ್ಬರದೇ ಮಾತು. ವಾಚನಕ್ಕೆ ಕಾರ್ಡುಗಳು ಕೈಯಿಂದ ಕೈಗೆ ಸಾಗುತ್ತವೆ. ಓದು ಬಾರದವರು ಕಾರ್ಡನ್ನು ಸುಮ್ಮನೆ ಪಕ್ಕದವರಿಗೆ ದಾಟಿಸುತ್ತಾರೆ, ಯಾರೂ ಅತ್ತ ತಿರುಗಿ ನೋಡುವುದಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಉಪದೇಶ ಕೊಡುವಂತಿಲ್ಲ, ಮಾತು ಮುಗಿದ ಮೇಲೂ ‘ನೀವು ಹೀಗೆ ಮಾಡಬೇಕಿತ್ತು’ ಎನ್ನುವಂತಿಲ್ಲ. ನಾಲ್ಕು ಜನ ಸೇರಿದರೆ ನಾಲ್ಕು ಸಲಹೆ ಹುಟ್ಟುವ ನಮ್ಮ ಊರುಗಳಲ್ಲಿ ಈ ಶಿಸ್ತನ್ನು ಕಣ್ಣಾರೆ ನೋಡಿಯೇ ನಂಬಬೇಕು.

ಕೊಡಗಿನ ಮಟ್ಟಿಗೆ ಈ ಸಭೆಯ ನಿಜವಾದ ವಿಶೇಷ ಬೇರೆಯೇ ಇದೆ. ಇಲ್ಲಿ ಯಾರನ್ನೇ ಮೊದಲ ಬಾರಿ ಭೇಟಿಯಾದರೂ ಕೇಳುವ ಪ್ರಶ್ನೆ ‘ಯಾವ ಮನೆ?’ ಎಂಬುದು. ಮನೆ ಹೆಸರು ಗೊತ್ತಾದರೆ ನಾಡು ಗೊತ್ತಾಯಿತು, ತೋಟ ಗೊತ್ತಾಯಿತು, ಅಜ್ಜ ಯಾರೆಂದು ಗೊತ್ತಾಯಿತು, ಯಾರ ಮದುವೆಯಲ್ಲಿ ಯಾರು ಕುಡಿದು ಬಿದ್ದರೆಂಬುದೂ ಗೊತ್ತಾಯಿತು. ಸಭೆಯಲ್ಲಿ ಹೇಳುವುದು ಹೆಸರು ಮಾತ್ರ, ಅದೂ ಬೇಕಿದ್ದರೆ. ಮನೆ ಹೆಸರಿಲ್ಲದೆ, ತೋಟದ ಎಕರೆಯಿಲ್ಲದೆ, ಸೈನ್ಯದಲ್ಲಿದ್ದಾಗಿನ ಹುದ್ದೆಯಿಲ್ಲದೆ ಒಬ್ಬ ಮನುಷ್ಯ ಕುಳಿತು ಮಾತಾಡುವುದು ಕೊಡಗಿನಲ್ಲಿ ಬೇರೆಲ್ಲೂ ನಾನು ಕಂಡಿಲ್ಲ. ತೋಟದ ಸಾಹುಕಾರರೂ ಲೈನ್ ಮನೆಯ ಕಾರ್ಮಿಕರೂ ಒಂದೇ ಸುತ್ತಿನ ಕುರ್ಚಿಗಳಲ್ಲಿ ಕೂರಬಹುದಾದ ಏರ್ಪಾಡಿದು. ಮಾತು ಕನ್ನಡದಲ್ಲೇ ಆರಂಭವಾದರೂ, ಕಷ್ಟದ ಜಾಗ ಬಂದಾಗ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳುಗಳತ್ತ ಹೊರಳುತ್ತದೆ. ಯಾರೂ ಅನುವಾದ ಕೇಳುವುದಿಲ್ಲ.

ಹಾಗೆಂದು ಗುಟ್ಟು ಎಂಬುದು ಇಲ್ಲಿ ಸಂಪೂರ್ಣ ಸಾಧ್ಯವೆಂದು ಯಾರೂ ಭಾವಿಸಬೇಕಾಗಿಲ್ಲ. ಐದು ತಾಲ್ಲೂಕುಗಳ ಈ ಜಿಲ್ಲೆಯಲ್ಲಿ ಮುಖ ಪರಿಚಯವಿಲ್ಲದವರು ಕಡಿಮೆ. ಭಾವನ ಮೊದಲ ಸಭೆಯಲ್ಲೇ ದೂರದ ಸಂಬಂಧಿಕರೊಬ್ಬರು ಎದುರಿನ ಕುರ್ಚಿಯಲ್ಲಿದ್ದರು. ಇಬ್ಬರೂ ತಲೆಯಾಡಿಸಿದರು, ಅಷ್ಟೆ. ಆಮೇಲೆ ಮದುವೆಮನೆಗಳಲ್ಲಿ ಎದುರಾದಾಗಲೂ ಅಷ್ಟೆ. ಆ ಮೌನದಲ್ಲಿ ಇಬ್ಬರಿಗೂ ಪಾಲಿರುವುದರಿಂದ ಅದು ಮುರಿಯುವ ಸಂಭವ ಕಡಿಮೆ ಎನ್ನುವುದು ನನ್ನ ಲೆಕ್ಕ. ಆದರೂ ಇದೇ ಅಂಜಿಕೆಯಿಂದ ಮಡಿಕೇರಿಯವರು ಮೈಸೂರಿಗೂ, ಸಂಪಾಜೆ ಕಡೆಯವರು ಸುಳ್ಯ ಪುತ್ತೂರಿನತ್ತಲೂ ಹೋಗಲು ಬಯಸಿದರೆ ಅದರಲ್ಲಿ ತಪ್ಪೇನಿಲ್ಲ. ಎ.ಎ.ಯಲ್ಲಿ ಯಾವ ಊರಿನ ಸಭೆಗೆ ಬೇಕಾದರೂ ಯಾರು ಬೇಕಾದರೂ ಹೋಗಬಹುದು.

ಹಣದ ವಿಷಯ. ಸಭೆಯ ಕೊನೆಯಲ್ಲಿ ಒಂದು ಬಟ್ಟೆಯ ಚೀಲ ಸುತ್ತು ಬರುತ್ತದೆ. ನಾನು ಕೃತಜ್ಞತೆಯಿಂದ ಐನೂರರ ನೋಟೊಂದನ್ನು ಹಾಕಿದಾಗ ಖಜಾಂಚಿಯವರು ಅದನ್ನು ಹೊರತೆಗೆದು, ಮಡಿಕೆ ಬಿಡಿಸಿ, ನನ್ನ ಕೈಗೇ ವಾಪಸು ಕೊಟ್ಟು, ‘ಬೇಸರ ಮಾಡಿಕೊಳ್ಳಬೇಡಿ, ಇದು ನಮ್ಮ ಕಾಯಿಲೆ, ಖರ್ಚೂ ನಮ್ಮದೇ’ ಎಂದರು. ಹೊರಗಿನವರಿಂದ ಕಾಸು ಪಡೆಯಬಾರದೆಂಬುದು ಎ.ಎ.ಯ ಏಳನೆಯ ಸಂಪ್ರದಾಯ. ಅವರದೊಂದು ಇನ್ನೂರು ಪುಟದ ನೋಟುಪುಸ್ತಕವಿದೆ; ಕೋಣೆಯ ಬಾಡಿಗೆ, ಕಾಫಿಪುಡಿ, ಬೆಲ್ಲ, ಝೆರಾಕ್ಸ್ ಎಂದು ಬರೆದ ಲೆಕ್ಕವನ್ನು ಎಲ್ಲರೆದುರು ಓದಿ ಹೇಳುತ್ತಾರೆ. ಕುಡಿತದ ಹೆಸರಿನಲ್ಲಿ ದುಡ್ಡು ಮಾಡುವವರನ್ನು ಕುಡಿಸುವ ಕಡೆಯೂ ಬಿಡಿಸುವ ಕಡೆಯೂ ಕಂಡವರಿಗೆ ಈ ಪುಸ್ತಕ ಒಂದು ಸಮಾಧಾನ.

ಸಭೆಯಿಂದ ಹೊರಗೆ ನಡೆಯುವ ಕೆಲಸವೇ ಹೆಚ್ಚೆಂದು ನನಗೆ ತಿಳಿದದ್ದು ತಡವಾಗಿ. ಪ್ರತಿ ಹೊಸಬರಿಗೂ ಹಳಬರೊಬ್ಬರು ಸ್ಪಾನ್ಸರ್ ಆಗಿ ಜೊತೆಯಾಗುತ್ತಾರೆ. ಗ್ಲಾಸು ಕೈಗೆ ಬರುವ ಮುಂಚೆ ಅವರಿಗೆ ಫೋನ್ ಮಾಡುವುದು ಒಪ್ಪಂದ. ನಮ್ಮ ಜಿಲ್ಲೆಯಲ್ಲಿ ಈ ಫೋನಿಗೆ ಕೆಲಸ ಜಾಸ್ತಿ. ಕೈಲ್ ಮುಹೂರ್ತ, ಹುತ್ತರಿ, ಮದುವೆ, ತಿಥಿ, ಹಾಕಿ ಪಂದ್ಯ, ಕಾಫಿ ಕೊಯ್ಲು ಮುಗಿದ ಸಂಜೆ, ಬಟವಾಡೆಯ ದಿನ: ಬಾಟಲಿ ತೆರೆಯಲು ಇಲ್ಲಿ ಕಾರಣ ಹುಡುಕಬೇಕಾಗಿಲ್ಲ, ತೆರೆಯದಿರಲು ಕಾರಣ ಕೊಡಬೇಕು. ಬಂದವರಿಗೆ ಕೊಡದಿದ್ದರೆ ಮರ್ಯಾದೆಯಲ್ಲ, ಕೊಟ್ಟಾಗ ತೆಗೆದುಕೊಳ್ಳದಿದ್ದರೆ ಅದೂ ಮರ್ಯಾದೆಯಲ್ಲ ಎಂಬ ಮನೆಗಳಲ್ಲಿ ‘ಬೇಡ’ ಎನ್ನುವುದಕ್ಕೆ ತಾಲೀಮು ಬೇಕಾಗುತ್ತದೆ. ಗುಂಪಿನಲ್ಲಿ ಓಡಾಡುವ ಉಪಾಯಗಳು ಬಹಳ ಸರಳವಾದವು. ಮದುವೆಮನೆಗೆ ಹಸಿದ ಹೊಟ್ಟೆಯಲ್ಲಿ ಹೋಗಬಾರದು. ಒಳಗೆ ಕಾಲಿಡುತ್ತಲೇ ಒಂದು ಗ್ಲಾಸು ನಿಂಬೆ ಶರಬತ್ತು ಕೈಯಲ್ಲಿ ಹಿಡಿದಿರಬೇಕು, ಖಾಲಿ ಕೈಗೇ ಎಲ್ಲರೂ ಗ್ಲಾಸು ಕೊಡಲು ಬರುವುದು. ಅದನ್ನು ಎಲ್ಲಿಯೂ ಕೆಳಗಿಟ್ಟು ಹೋಗಬಾರದು. ವಾಪಸು ಬರುವಷ್ಟರಲ್ಲಿ ಯಾರೋ ಪ್ರೀತಿಯಿಂದ ಅದಕ್ಕೆ ಏನನ್ನೋ ಬೆರೆಸಿರುತ್ತಾರೆ. ಊಟವಾದ ಕೂಡಲೇ ಹೊರಡಬೇಕು, ಹೊರಡುವ ವಾಹನ ತನ್ನದೇ ಆಗಿರಬೇಕು. ಕುಲದ ಕಾರಣವರಿಗೆ, ಅಂದರೆ ಪೂರ್ವಿಕರಿಗೆ, ಮದ್ಯದ ಎಡೆ ಇಡುವ ಸಂದರ್ಭ ಬಂದರೆ ಇಡುವ ಕೆಲಸವನ್ನು ಮನೆಯ ಇನ್ನೊಬ್ಬರಿಗೆ ವಹಿಸಿ ಕೈಮುಗಿದು ನಿಂತರೆ ಸಾಕು. ಯಾವ ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲೂ ಇದನ್ನು ಬರೆದುಕೊಡುವುದಿಲ್ಲ.

ಜಾರಿದವರ ಜೊತೆ ಗುಂಪು ನಡೆದುಕೊಳ್ಳುವ ರೀತಿಗೂ ಅಂಕ ಕೊಡಬೇಕು. ಮತ್ತೆ ಕುಡಿದು ಬಂದವರಿಗೆ ಕುರ್ಚಿ ಇರುತ್ತದೆ, ಆ ದಿನ ಮಾತಾಡುವ ಅವಕಾಶ ಮಾತ್ರ ಇರುವುದಿಲ್ಲ. ದಿನಗಳ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಗದರುವವರಿಲ್ಲ. ಮನೆಯವರಾದ ನಮಗೆ ಆ ತಾಳ್ಮೆ ಬರುವುದಿಲ್ಲ, ಬರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಇನ್ನು ಕೊರತೆಗಳು. ಹನ್ನೆರಡು ಹಂತಗಳಲ್ಲಿ ದೇವರ ಮಾತು ಮತ್ತೆ ಮತ್ತೆ ಬರುತ್ತದೆ. ‘ನಾವು ಅರಿತಂತೆ ದೇವರು’ ಎಂಬ ಸಡಿಲಿಕೆ ಇದೆ, ಆದ್ದರಿಂದ ಬೇರೆ ಬೇರೆ ಧರ್ಮದವರು ಒಟ್ಟಿಗೆ ಕೂರಲು ತೊಂದರೆಯಿಲ್ಲ. ಆದರೆ ದೇವರನ್ನೇ ನಂಬದವರಿಗೆ ಕೊನೆಯ ಪ್ರಾರ್ಥನೆಯ ಹೊತ್ತಿನಲ್ಲಿ ಇರಿಸುಮುರಿಸಾಗುತ್ತದೆ. ತುಟಿ ಅಲ್ಲಾಡಿಸದೆ ನಿಂತವರನ್ನು ಯಾರೂ ಪ್ರಶ್ನಿಸುವುದಿಲ್ಲ ಎಂಬುದಷ್ಟೇ ಸಮಾಧಾನ. ಮಹಿಳೆಯರ ವಿಷಯದಲ್ಲಿ ಕೊರತೆ ಇದಕ್ಕಿಂತ ದೊಡ್ಡದು. ಕುಡಿಯುವ ಗಂಡಸನ್ನು ನಗುತ್ತಾ ಸಹಿಸುವ ಸಮಾಜ ಕುಡಿಯುವ ಹೆಂಗಸನ್ನು ಸಹಿಸುವುದಿಲ್ಲವಾದ್ದರಿಂದ, ಗಂಡಸರೇ ತುಂಬಿದ ಕೋಣೆಗೆ ಅವರು ಬಂದು ಕೂರುವುದು ಸುಲಭವಲ್ಲ. ಅಂಥವರಿಗೆ ಫೋನಿನಲ್ಲಿ ನಡೆಯುವ ಆನ್‌ಲೈನ್ ಮಹಿಳಾ ಸಭೆಗಳೇ ಸದ್ಯಕ್ಕೆ ಉತ್ತಮ ದಾರಿ. ಹಾಗೆಯೇ ಕುಡಿಯುವವರ ಮನೆಯವರಿಗಾಗಿ 1951ರಲ್ಲೇ ಆರಂಭವಾದ ಅಲ್-ಅನಾನ್ ಎಂಬ ಪ್ರತ್ಯೇಕ ಸಂಘಟನೆ ಇದೆ. ನಾವು ಹೋಗುವ ಜಾಗದಲ್ಲಿ ಅದರ ಗುಂಪಿಲ್ಲ. ಅಕ್ಕ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೇರೆ ಊರಿನ ಸಭೆ ಕೇಳುತ್ತಾಳೆ. ಮಳೆಗೆ ನೆಟ್‌ವರ್ಕ್ ಹೋದರೆ ಅದೂ ಇಲ್ಲ.

ಇದರಿಂದ ನಿಜವಾಗಿ ಪ್ರಯೋಜನವಿದೆಯೇ ಎಂದು ಕೇಳುವವರಿಗೆ ಒಂದು ಆಧಾರ ಕೊಡಬಲ್ಲೆ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು, ಅಂದರೆ 10,565 ಮಂದಿಯ ಮಾಹಿತಿಯನ್ನು ಪರಿಶೀಲಿಸಿ, ಸಂಪೂರ್ಣವಾಗಿ ಕುಡಿಯದೆ ಉಳಿಯುವ ವಿಷಯದಲ್ಲಿ ಎ.ಎ. ಮತ್ತು ಅದಕ್ಕೆ ಜನರನ್ನು ಜೋಡಿಸುವ ಚಿಕಿತ್ಸೆ ಇತರ ಪ್ರಚಲಿತ ಚಿಕಿತ್ಸೆಗಳಿಗಿಂತ ಮೇಲೆಂದು ಹೇಳಿತು. ಆ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕದವು ಎಂಬುದನ್ನು ಮರೆಯಬಾರದು. ನಮ್ಮ ದೇಶದ ಸ್ಥಿತಿಯನ್ನು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಬಿಚ್ಚಿಟ್ಟಿದೆ: ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ನೆರವು ಸಿಕ್ಕಿದೆ. ಉಳಿದ 37 ಮಂದಿಯ ಮುಂದೆ ‘ಇದು ಒಳ್ಳೆಯದೋ ಅದು ಒಳ್ಳೆಯದೋ’ ಎಂಬ ಆಯ್ಕೆಯೇ ಬಂದಿಲ್ಲ.

ಎ.ಎ.ಗೆ ಹೋಲಿಸಬಹುದಾದ ಇನ್ನೊಂದು ದಾರಿ ನಮ್ಮ ಭಾಗದಲ್ಲೇ ಇದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ ಜನಜಾಗೃತಿ ವೇದಿಕೆಯೂ ಸೇರಿ ಊರಿನ ಸಮುದಾಯ ಭವನಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಒಂದು ವಾರದಷ್ಟು ಕಾಲ ಅಲ್ಲೇ ಇದ್ದು, ಯೋಗ, ಭಜನೆ, ಆಪ್ತಸಲಹೆಗಳ ನಡುವೆ ಕುಡಿತ ಬಿಡುತ್ತಾರೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮುಂದುವರಿಯುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ ಮೂಲದ್ದು. ಶಿಬಿರದಲ್ಲಿ ಊರೇ ಸಾಕ್ಷಿ, ಹೆಂಡತಿ ಮಕ್ಕಳು ಬಂದು ಹರಸುತ್ತಾರೆ, ಬಿಟ್ಟದ್ದು ಊರಿಗೆಲ್ಲಾ ಗೊತ್ತಾಗುವುದರಿಂದ ಮತ್ತೆ ಅಂಗಡಿಯ ಮುಂದೆ ನಿಲ್ಲಲು ಕಾಲು ಹಿಂಜರಿಯುತ್ತದೆ. ಎ.ಎ.ಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೇ ಬಲ. ನಾಲ್ಕು ಜನರ ಕಣ್ಣಿಗೆ ಹೆದರಿ ನಡೆಯುವ ಸ್ವಭಾವದವರಿಗೆ ಶಿಬಿರವೂ, ನಾಲ್ಕು ಜನರ ಕಣ್ಣು ತಪ್ಪಿಸಿಯೇ ಕುಡಿದವರಿಗೆ ಎ.ಎ.ಯೂ ಹೊಂದುತ್ತದೆ ಎಂಬುದು ನನ್ನ ಅಂದಾಜು. ಭಾವ ಎರಡನೆಯ ಬಗೆಯವರು.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಳೆದ ಒಂದು ನಕ್ಷತ್ರ ಪೂರ್ತಿ ಬಾಗಿಲಿನದು: ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ತೋಟದ ಕಚೇರಿಗಳ ಸೂಚನಾ ಫಲಕಗಳಲ್ಲಿ ಗುಂಪಿನ ಆ ಎರಡು ಮೊಬೈಲ್ ಸಂಖ್ಯೆಗಳಿರುವ ಚೀಟಿ ಅಂಟಿಸಿದರೆ ಯಾರ ಗುಟ್ಟೂ ರಟ್ಟಾಗುವುದಿಲ್ಲ.

ಹೋಗಬಯಸುವವರಿಗೆ ಒಂದಷ್ಟು ಮಾತು. ಜೊತೆಗೆ ಮನೆಯವರೂ ಬರುವುದಾದರೆ ಮುಕ್ತ ಸಭೆ ಯಾವ ವಾರವೆಂದು ಮೊದಲೇ ಫೋನಿನಲ್ಲಿ ಕೇಳಿ. ಉಳಿದ ಸಭೆಗಳಲ್ಲಿ ಕುಡಿತದ ತೊಂದರೆ ಇರುವವರಿಗೆ ಮಾತ್ರ ಪ್ರವೇಶ. ಮೊದಲ ದಿನ ಮಾತಾಡಲೇಬೇಕೆಂದಿಲ್ಲ, ‘ಇವತ್ತು ಕೇಳಿಸಿಕೊಳ್ಳುತ್ತೇನೆ’ ಎಂದರೆ ಸಾಕು. ಒಂದೇ ಸಭೆ ನೋಡಿ ತೀರ್ಮಾನಿಸಬೇಡಿ, ಅಂದು ಮಾತಾಡಿದವರನ್ನು ಅವಲಂಬಿಸಿ ಸಭೆಯ ಹದ ಬದಲಾಗುತ್ತದೆ. ಸಂಜೆಯ ಸಭೆ ಮುಗಿಯುವ ಹೊತ್ತಿಗೆ ಹಳ್ಳಿಗಳ ಕಡೆಯ ಬಸ್ಸು ಹೊರಟುಹೋಗಿರುತ್ತದೆ, ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚಿದರೆ ಸಭೆಯೇ ಫೋನಿಗೆ ಬದಲಾಗುತ್ತದೆ. ಆದ್ದರಿಂದ ಹೊರಡುವ ಮುನ್ನ ಇನ್ನೊಮ್ಮೆ ಕರೆ ಮಾಡಿ, ನಿಮ್ಮ ಕಡೆಗೇ ಹೋಗುವ ಸದಸ್ಯರಿದ್ದಾರೆಯೇ ಎಂದು ವಿಚಾರಿಸಿ. ಇದ್ದರೆ ಅವರ ಜೀಪಿನಲ್ಲಿ ಸಾಮಾನ್ಯವಾಗಿ ಒಂದು ಸೀಟು ಇರುತ್ತದೆ.